ಲೆಕ್ಕಕ್ಕೆ ಬಾರದ ಅರ್ಧ ಗಂಟೆ

2022ರ ಡಿಸೆಂಬರ್ 8ರ ರಾತ್ರಿ. ಗೆಳೆಯರ ಹುಟ್ಟುಹಬ್ಬಕ್ಕೆ ಹೋಗಿದ್ದ ಗಂಡ ಹೆಂಡತಿ ಮಾನ್ಯತಾ ಟೆಕ್ ಪಾರ್ಕ್ ಹತ್ತಿರದ ತಮ್ಮ ಮನೆಗೆ ನಡೆದುಕೊಂಡು ಹೊರಟಿದ್ದರು. ಹೊತ್ತು ಹನ್ನೆರಡೂವರೆ. ಇನ್ನೇನು ಮನೆ ಬಂತು ಅನ್ನುವಷ್ಟರಲ್ಲಿ ಪೊಲೀಸರ ಗುಲಾಬಿ ಬಣ್ಣದ ಹೊಯ್ಸಳ ಗಸ್ತು ವಾಹನ ಪಕ್ಕಕ್ಕೆ ಬಂದು ನಿಂತಿತು. ಸಮವಸ್ತ್ರದಲ್ಲಿದ್ದ ಇಬ್ಬರು ಗುರುತಿನ ಚೀಟಿ ಕೇಳಿದರು. ಮೊಬೈಲಿನಲ್ಲಿದ್ದ ಆಧಾರ್ ಚಿತ್ರ ತೋರಿಸಿದ್ದಾಯಿತು. ಆಮೇಲೆ ಆ ಮೊಬೈಲ್‌ಗಳೇ ಪೊಲೀಸರ ಕೈ ಸೇರಿದವು. ನೀವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು, ಎಲ್ಲಿ ಕೆಲಸ, ಅಪ್ಪ ಅಮ್ಮ ಎಲ್ಲಿದ್ದಾರೆ ಎಂದು ಪ್ರಶ್ನೆಗಳ ಸುರಿಮಳೆಯಾಯಿತು. ಒಬ್ಬರು ಚಲನ್ ಪುಸ್ತಕದಂಥದ್ದನ್ನು ತೆರೆದು ಹೆಸರು, ಆಧಾರ್ ಸಂಖ್ಯೆ ಬರೆಯತೊಡಗಿದರು. ಯಾಕೆ ಎಂದು ಕೇಳಿದ್ದಕ್ಕೆ, ಹನ್ನೊಂದರ ಮೇಲೆ ರಸ್ತೆಯಲ್ಲಿ ಓಡಾಡುವಂತಿಲ್ಲ ಎಂಬ ಉತ್ತರ ಬಂತು. ದಂಡ 3,000 ರೂಪಾಯಿ ಅಂದರು. ಕೈಮುಗಿದು ಬೇಡಿಕೊಂಡ ಮೇಲೆ ಅದು 1,000ಕ್ಕೆ ಇಳಿಯಿತು. ಪೊಲೀಸರು ಕ್ಯೂಆರ್ ಕೋಡ್ ತೋರಿಸಿದರು, ದುಡ್ಡು ಪೇಟಿಎಂನಲ್ಲಿ ಹೋಯಿತು.

ಮರುದಿನ ಪತಿ ಇದನ್ನೆಲ್ಲ ಟ್ವಿಟರ್‌ನಲ್ಲಿ ಬರೆದರು. ಅದರ ಬೆನ್ನಲ್ಲೇ ಸಂಪಿಗೆಹಳ್ಳಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಮತ್ತು ಕಾನ್‌ಸ್ಟೆಬಲ್ ಅಮಾನತಾದರು.

ಹನ್ನೊಂದರ ಮೇಲೆ ನಡೆಯಬಾರದು ಎಂಬ ಕಾನೂನು ಬೆಂಗಳೂರಿನಲ್ಲಿ ಇರಲಿಲ್ಲ, ಈಗಲೂ ಇಲ್ಲ. ಕೋವಿಡ್ ಕಾಲದ ರಾತ್ರಿ ಕರ್ಫ್ಯೂ 2022ರ ಜನವರಿ ಕೊನೆಗೇ ಮುಗಿದಿತ್ತು. ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಪೊಲೀಸ್ ಕಮಿಷನರಿಗೆ ಇದೆ, ನಿಜ. ಆದರೆ ಅದು ಲಿಖಿತ ಆದೇಶವಾಗಿರಬೇಕು, ಇಂತಿಷ್ಟು ದಿನ, ಇಂತಿಂಥ ಪ್ರದೇಶ ಎಂದು ಪ್ರಕಟವಾಗಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಈ ಪ್ರಕರಣದ ವಿಚಿತ್ರ ಇನ್ನೊಂದಿದೆ. ಇಡೀ ಘಟನೆಯಲ್ಲಿ ಗಟ್ಟಿ ದಾಖಲೆ ಅಂತ ಉಳಿದದ್ದು ಹಣ ಪಾವತಿಯ ಆ ಒಂದು ಸಂದೇಶ ಮಾತ್ರ. ನಗದು ಕೊಟ್ಟಿದ್ದರೆ? ಅಥವಾ ಹಣವನ್ನೇ ಕೇಳದೆ, ಅರ್ಧ ಗಂಟೆ ನಿಲ್ಲಿಸಿ, ಮೊಬೈಲ್ ಜಾಲಾಡಿ, ನಾಲ್ಕು ಮಾತು ಬೈದು ಕಳಿಸಿದ್ದರೆ? ಅದಕ್ಕೆ ಯಾವ ಪುಸ್ತಕದಲ್ಲೂ ಜಾಗ ಇರುತ್ತಿರಲಿಲ್ಲ.

ನಮ್ಮ ಕಾನೂನಿನ ದೊಡ್ಡ ಕಿಂಡಿ ಇರುವುದು ಇಲ್ಲೇ. ಬಂಧನವಾದ ಕ್ಷಣದಿಂದ ಕಾಗದಗಳು ಹುಟ್ಟಿಕೊಳ್ಳುತ್ತವೆ: ಬಂಧನ ಮೆಮೊ, ಅದಕ್ಕೆ ಸಾಕ್ಷಿಯ ಸಹಿ, ಮನೆಯವರಿಗೆ ಮಾಹಿತಿ, ವೈದ್ಯಕೀಯ ತಪಾಸಣೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರಿ. 1996ರ ಡಿ.ಕೆ. ಬಸು ತೀರ್ಪಿನಿಂದ ಈಚೆಗೆ ಈ ಸಾಲು ಬೆಳೆಯುತ್ತಲೇ ಬಂದಿದೆ. ಬಂಧನದ ಕಾರಣವನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿತು. ಬಂಧನಕ್ಕೆ ಮುಂಚಿನ ಸ್ಥಿತಿಯೇ ಬೇರೆ. ತಡೆದು, ಪ್ರಶ್ನಿಸಿ, ಜೇಬು ತಡಕಿ, ಏನೂ ಸಿಗದೆ ಬಿಟ್ಟು ಕಳಿಸಿದವರಿಗೆ ಒಂದು ಚೀಟಿ ಕೊಡಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಉತ್ತರ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರು, ಯಲಹಂಕದ ಕಾಲೇಜು ಹುಡುಗರು, ಆರ್‌.ಟಿ. ನಗರದ ಪಿ.ಜಿ.ಗಳಲ್ಲಿರುವವರು, ಬೆಳಗಿನ ಜಾವ ಯಶವಂತಪುರ ರೈಲು ನಿಲ್ದಾಣದಲ್ಲಿ ಬ್ಯಾಗ್ ಹೊತ್ತು ಇಳಿಯುವ ಉತ್ತರ ಕರ್ನಾಟಕದ ಯುವಕರು ಪೊಲೀಸರಿಗೆ ಎದುರಾಗುವುದು ಈ ಲೆಕ್ಕವಿಲ್ಲದ ಹೊತ್ತಿನಲ್ಲೇ.

ಹಾಗಾದರೆ ಪೊಲೀಸರಿಗೆ ಇರುವ ಅಧಿಕಾರವೇನು? 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಅದರಲ್ಲಿ ಮೈ ತಪಾಸಣೆಯ ಮುಖ್ಯ ಸೆಕ್ಷನ್ 49. ಅದು ಬಂಧಿತ ವ್ಯಕ್ತಿಯ ತಪಾಸಣೆಗೆ ಸಂಬಂಧಿಸಿದ್ದು, ದಾರಿಹೋಕರ ತಪಾಸಣೆಗಲ್ಲ. ತನಿಖೆಯ ಭಾಗವಾಗಿ ಒಂದು ಸ್ಥಳವನ್ನು ಶೋಧಿಸಬೇಕಾದರೆ ಸೆಕ್ಷನ್ 185ರ ಪ್ರಕಾರ ಅಧಿಕಾರಿ ಕಾರಣವನ್ನು ಮೊದಲೇ ಬರೆದಿಡಬೇಕು. ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ವಿಡಿಯೊ ಮಾಡಬೇಕು ಎನ್ನುತ್ತದೆ ಸೆಕ್ಷನ್ 105. ಇದು ಹೊಸ ಕಾನೂನು ತಂದ ಒಳ್ಳೆಯ ಬದಲಾವಣೆ. ಅದರ ಜೊತೆಗೇ ಬಂದದ್ದು ಸೆಕ್ಷನ್ 172. ಅಪರಾಧ ತಡೆಯುವ ಅಧ್ಯಾಯದಡಿ ಪೊಲೀಸರು ಕೊಡುವ ಕಾನೂನುಬದ್ಧ ಸೂಚನೆಯನ್ನು ಪಾಲಿಸದವರನ್ನು ವಶಕ್ಕೆ ಪಡೆಯಬಹುದು, ಸಣ್ಣ ಪ್ರಸಂಗವಾದರೆ 24 ಗಂಟೆಯೊಳಗೆ ಬಿಟ್ಟುಬಿಡಬಹುದು ಎಂದು ಅದು ಹೇಳುತ್ತದೆ. ಅಲ್ಲಿ ‘ಕಾನೂನುಬದ್ಧ’ ಎಂಬ ಷರತ್ತಿದೆ. ನಡುರಾತ್ರಿ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಆ ಷರತ್ತನ್ನು ವ್ಯಾಖ್ಯಾನಿಸುವವರು ಯಾರು ಎಂಬುದು ಬೇರೆ ಮಾತು.

ಇದರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅನುಮಾನಾಸ್ಪದ ಸ್ಥಿತಿಯಲ್ಲಿ ಸಿಕ್ಕಿಬೀಳುವುದು ಅದರ ಸೆಕ್ಷನ್ 96ರಡಿ ಅಪರಾಧ. ರಾತ್ರಿ ಗಸ್ತಿನವರ ಕೈಗೆ ಸುಲಭವಾಗಿ ಸಿಗುವ ಸೆಕ್ಷನ್ ಇದು. ಕಳ್ಳರು ಓಡಾಡುವ ಹೊತ್ತಲ್ಲಿ ಅನುಮಾನ ಬಂದವರನ್ನು ನಿಲ್ಲಿಸಿ ಕೇಳಬಾರದು ಎಂದು ಯಾರೂ ಹೇಳುವುದಿಲ್ಲ. ಸರಗಳ್ಳತನವಾದ ಬಡಾವಣೆಯವರು ಗಸ್ತು ಹೆಚ್ಚಿಸಿ ಎಂದೇ ಬೇಡುವುದು. ಹೆಸರು, ವಿಳಾಸ, ಎಲ್ಲಿಗೆ ಹೊರಟಿದ್ದು ಎಂದು ಕೇಳಿದರೆ ನೆಟ್ಟಗೆ ಉತ್ತರಿಸುವುದರಲ್ಲಿ ನಷ್ಟವೇನಿಲ್ಲ, ಜಾಣತನವೂ ಹೌದು. ಆದರೆ ಅನುಮಾನಕ್ಕೊಂದು ಕಾರಣ ಇರಬೇಕು. ಹೊತ್ತು ಮೀರಿದೆ, ಕೂದಲು ಉದ್ದ ಬಿಟ್ಟಿದ್ದಾನೆ, ಜೊತೆಗೊಬ್ಬಳು ಹುಡುಗಿ ಇದ್ದಾಳೆ ಎಂಬುವು ಕಾರಣಗಳಲ್ಲ.

ಗಾಂಜಾ ವಿಷಯಕ್ಕೆ ಬಂದರೆ ಕಾನೂನು ಬಿಗಿಯಾಗುತ್ತದೆ, ಎರಡೂ ಕಡೆಗೆ. 1985ರ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 43 ಸಾರ್ವಜನಿಕ ಸ್ಥಳದಲ್ಲಿ, ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ, ವ್ಯಕ್ತಿಯನ್ನು ತಡೆದು ಶೋಧಿಸುವ ಅಧಿಕಾರ ಕೊಡುತ್ತದೆ. ಮೈ ತಪಾಸಣೆಗೆ ಕೈ ಹಾಕುವ ಮುನ್ನ ಅಧಿಕಾರಿ ಒಂದು ಮಾತು ಹೇಳಲೇಬೇಕು: ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಿಗೇ ತಪಾಸಣೆ ಆಗಲಿ ಎಂದು ಕೇಳುವ ಹಕ್ಕು ನಿನಗಿದೆ. ಇದು ಸೆಕ್ಷನ್ 50. 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದ ಸಂವಿಧಾನ ಪೀಠ, 2010ರಲ್ಲಿ ವಿಜಯಸಿಂಹ ಜಡೇಜಾ ಪ್ರಕರಣದ ಸಂವಿಧಾನ ಪೀಠ ಎರಡೂ ಇದನ್ನು ಒತ್ತಿ ಹೇಳಿವೆ. ಬಾಯಿಮಾತಿಗೆ ತಿಳಿಸಿದಂತೆ ಮಾಡಿದರೆ ಸಾಲದು, ಹಕ್ಕು ಇದೆ ಎಂಬುದು ಎದುರಿಗಿರುವವನಿಗೆ ಗೊತ್ತಾಗಬೇಕು.

ನಿಯಮದ ಪ್ರಕಾರ ನಡೆದರೆ ದೃಶ್ಯ ಹೀಗಿರುತ್ತದೆ. ಹುಡುಗನನ್ನು ಪಕ್ಕಕ್ಕೆ ನಿಲ್ಲಿಸಿ, ಹಕ್ಕಿನ ವಿಷಯ ತಿಳಿಸಿ, ಅವನ ಉತ್ತರವನ್ನು ಬರೆದುಕೊಳ್ಳುತ್ತಾರೆ. ಕೇಳಿದರೆ ಗೆಜೆಟೆಡ್ ಅಧಿಕಾರಿಯನ್ನು, ಸಾಮಾನ್ಯವಾಗಿ ಎಸಿಪಿಯನ್ನು, ಕರೆಸುತ್ತಾರೆ. ಇಬ್ಬರು ಪಂಚರು ಬರುತ್ತಾರೆ. ಸಿಕ್ಕಿದ್ದನ್ನು ಅವರ ಎದುರೇ ತೂಕ ಮಾಡಿ, ಪೊಟ್ಟಣಕ್ಕೆ ಸೀಲ್ ಹಾಕಿ, ಮಹಜರು ಬರೆದು ಸಹಿ ಪಡೆಯುತ್ತಾರೆ. ಈಗ ಇದೆಲ್ಲ ಮೊಬೈಲ್ ಕ್ಯಾಮೆರಾದಲ್ಲೂ ದಾಖಲಾಗಬೇಕು. ಹುಡುಗಿಯಾದರೆ ಮಹಿಳಾ ಸಿಬ್ಬಂದಿಯನ್ನು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಒಂದು ತಿರುವು ಮಾತ್ರ ಯುವಕರಿಗೆ ಗೊತ್ತಿರುವುದಿಲ್ಲ: ಸೆಕ್ಷನ್ 50ರ ರಕ್ಷಣೆ ಮೈಗೆ ಮಾತ್ರ, ಬೆನ್ನಿನ ಬ್ಯಾಗಿಗಲ್ಲ. 2005ರಲ್ಲಿ ಪವನ್ ಕುಮಾರ್ ಪ್ರಕರಣದಲ್ಲಿ, 2023ರಲ್ಲಿ ರಂಜನ್ ಕುಮಾರ್ ಚಡ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ದಿನವಿಡೀ ಬ್ಯಾಗ್ ಹೊತ್ತು ತಿರುಗುವ ಡೆಲಿವರಿ ಹುಡುಗನ ಪಾಲಿಗೆ ಇದು ಸಣ್ಣ ಸಂಗತಿಯಲ್ಲ.

ಅದೇ ಕಾಯ್ದೆಯ ಸೆಕ್ಷನ್ 58ನ್ನು ಯಾರೂ ಬಾಯಿಗೆ ತರುವುದಿಲ್ಲ. ಸಮಂಜಸ ಕಾರಣವಿಲ್ಲದೆ, ಕಿರುಕುಳ ಕೊಡಲೆಂದು ವ್ಯಕ್ತಿಯನ್ನು ತಡೆದು ಶೋಧಿಸಿದ ಅಧಿಕಾರಿಗೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ 1,000 ರೂಪಾಯಿ ಮಾನ್ಯತಾ ಪಾರ್ಕ್ ಬಳಿ ಒಂದೇ ರಾತ್ರಿಯ ‘ದಂಡ’ದ ಮೊತ್ತಕ್ಕೆ ಸಮ.

ಮಾದಕ ವಸ್ತುವಿನ ಅನುಮಾನ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಆರ್‌.ಟಿ. ನಗರದ ಪಕ್ಕದ ಜೆ.ಸಿ. ನಗರ ಕಂಡಿದೆ. 2021ರ ಆಗಸ್ಟ್ ಮೊದಲ ವಾರ, ಮಾತ್ರೆ ಇಟ್ಟುಕೊಂಡಿದ್ದ ಎಂದು ಹಿಡಿದಿದ್ದ ಕಾಂಗೊ ದೇಶದ 27 ವರ್ಷದ ಯುವಕ ಪೊಲೀಸ್ ವಶದಲ್ಲಿದ್ದಾಗ ಅಸ್ವಸ್ಥನಾಗಿ ಆಸ್ಪತ್ರೆಯಲ್ಲಿ ತೀರಿಕೊಂಡ. ಹೃದಯಾಘಾತ ಎಂದರು ಪೊಲೀಸರು. ಠಾಣೆಯ ಮುಂದೆ ಪ್ರತಿಭಟನೆಗೆ ಸೇರಿದ ಆಫ್ರಿಕಾದ ಯುವಕರ ಮೇಲೆ ಲಾಠಿ ಬೀಸಲಾಯಿತು. ಪ್ರಕರಣ ಸಿಐಡಿಗೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ನೆಕ್ಕಿಸಿದ ಆರೋಪದ ಮೇಲೆ ಪಿಎಸ್‌ಐ ಅಮಾನತಾಗಿ, ಮುಂದೆ ಬಂಧನಕ್ಕೂ ಒಳಗಾದರು. ಆ ಯುವಕನನ್ನು ಮನೆಯಿಂದ ಕರೆದೊಯ್ದದ್ದು ಬರೀ ಅನುಮಾನದ ಮೇಲೆ.

‘ಠಾಣೆಗೆ ಬಾ, ಮಾತಾಡೋಣ’ ಎಂಬ ಕರೆಗೆ ಕಾನೂನಿನಲ್ಲಿ ಸ್ಥಾನ ತೀರಾ ಕಡಿಮೆ. ಆರೋಪ ಇದ್ದು ಬಂಧನ ಬೇಡವೆನಿಸಿದರೆ ಬಿಎನ್‌ಎಸ್‌ಎಸ್‌ನ ಸೆಕ್ಷನ್ 35(3)ರಡಿ ಲಿಖಿತ ನೋಟಿಸ್ ಕೊಡಬೇಕು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಸಾಕ್ಷಿಯಾಗಿ ವಿಚಾರಿಸಬೇಕಾದರೆ ಮಹಿಳೆಯರನ್ನು, 15 ವರ್ಷದೊಳಗಿನ ಹುಡುಗರನ್ನು ಅವರು ವಾಸವಿರುವಲ್ಲೇ ವಿಚಾರಿಸಬೇಕು, ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ.

ಮೊಬೈಲ್ ಬಗ್ಗೆ ಕರ್ನಾಟಕ ಹೈಕೋರ್ಟ್ ದೇಶಕ್ಕೇ ಮೊದಲಾಗಿ ವಿವರವಾಗಿ ಮಾತಾಡಿದೆ ಎಂದರೆ ಉತ್ಪ್ರೇಕ್ಷೆಯಾಗದು. 2020ರಲ್ಲಿ ಚಂದನವನವನ್ನು ಅಲ್ಲಾಡಿಸಿದ ಡ್ರಗ್ಸ್ ಪ್ರಕರಣದಿಂದಲೇ ಹುಟ್ಟಿದ ಅರ್ಜಿ ಅದು, ವೀರೇನ್ ಖನ್ನಾ ವಿರುದ್ಧ ಕರ್ನಾಟಕ ರಾಜ್ಯ. 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ತೀರ್ಪು ಕೊಟ್ಟರು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡುವುದು ಬಿಡುವುದು ಆರೋಪಿಗೆ ಬಿಟ್ಟದ್ದು. ಕೊಡದಿದ್ದರೆ ಅಧಿಕಾರಿ ಕೋರ್ಟಿಗೆ ಹೋಗಿ ಶೋಧ ವಾರಂಟ್ ತರಬೇಕು. ತುರ್ತು ಸಂದರ್ಭಗಳಿಗೆ ವಿನಾಯಿತಿ ಇದೆ, ಆಗಲೂ ಕಾರಣ ಬರೆದಿಡಬೇಕು. ಸಿಕ್ಕ ಮಾಹಿತಿಯನ್ನು ಹೊರಗಿನವರಿಗೆ ಹಂಚುವಂತಿಲ್ಲ. ಇದು ಪೂರ್ತಿ ಆರೋಪಿಯ ಪರವಾದ ತೀರ್ಪೇನಲ್ಲ. ಕೋರ್ಟ್ ಆದೇಶದ ಮೇಲೆ ಮೊಬೈಲ್ ತೆರೆಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದೂ ನ್ಯಾಯಾಲಯ ಹೇಳಿತು. ಎಫ್‌ಐಆರ್ ಇರುವ ಆರೋಪಿಯ ವಿಷಯದಲ್ಲೇ ಇಷ್ಟು ಕಟ್ಟುಪಾಡು. ಹೀಗಿರುವಾಗ ಯಾವ ಪ್ರಕರಣವೂ ಇಲ್ಲದೆ ದಾರಿಯಲ್ಲಿ ನಡೆಯುತ್ತಿದ್ದವನ ಕೈಯಿಂದ ಮೊಬೈಲ್ ಕಿತ್ತು ವಾಟ್ಸ್‌ಆ್ಯಪ್‌ನಲ್ಲಿ ‘ಸ್ಟಫ್’ ಎಂದು ಹುಡುಕುವುದಕ್ಕೆ ಏನು ಆಧಾರ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಸಾರಿದ ಪ್ರಕರಣದ ಅರ್ಜಿದಾರರು ಇದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಇಲ್ಲಿ ನೆನೆಯಬಹುದು.

ಮೊಬೈಲ್ ಆದ ಮೇಲೆ ಬೆರಳು. ಬೆಂಗಳೂರಿನ ರಾತ್ರಿ ಗಸ್ತಿನವರ ಕೈಗೆ ಬೆರಳಚ್ಚು ಯಂತ್ರವೂ ಬಂದಿದೆ. ಅನುಮಾನ ಬಂದವರ ಬೆರಳು ಒತ್ತಿಸಿ, ಎಂ-ಸಿಸಿಟಿಎನ್‌ಎಸ್ ಎಂಬ ಆ್ಯಪ್ ಮೂಲಕ ಹಳೆಯ ಅಪರಾಧಿಗಳ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ಹಳೆ ಕಳ್ಳರನ್ನು ಹಿಡಿಯಲು ಇದು ಉಪಯುಕ್ತ ಉಪಕರಣವೇ ಸರಿ. ಆದರೆ 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳಚ್ಚು ತೆಗೆಯಲು ಅವಕಾಶ ಕೊಡುವುದು ಶಿಕ್ಷೆಯಾದವರಿಂದ, ಬಂಧಿತರಿಂದ, ಮುನ್ನೆಚ್ಚರಿಕೆ ಕಾನೂನಿನಡಿ ವಶದಲ್ಲಿರುವವರಿಂದ, ಇಲ್ಲವೇ ಮ್ಯಾಜಿಸ್ಟ್ರೇಟ್ ಆದೇಶವಿದ್ದರೆ. ರಾತ್ರಿ ಟೀ ಕುಡಿಯಲು ಹೊರಬಂದ ವಿದ್ಯಾರ್ಥಿ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹೆದರಿ ಬೆರಳು ಕೊಟ್ಟದ್ದನ್ನು ಒಪ್ಪಿಗೆ ಎನ್ನುವುದಾದರೆ ಆ ಒಪ್ಪಿಗೆಗೆ ಬೆಲೆ ಎಷ್ಟು?

ಹದಿನೆಂಟರ ಒಳಗಿನವರಿಗೆ ಬೇರೆಯದೇ ಕಾನೂನು. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಲಾಕಪ್ ಇಲ್ಲ, ಬೇಡಿ ಇಲ್ಲ, ತಂದೆ ತಾಯಿಗೆ ಕೂಡಲೇ ತಿಳಿಸಬೇಕು, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ ಎಫ್‌ಐಆರ್ ಕೂಡ ಬೇಡ, ಠಾಣೆಯ ದಿನಚರಿಯಲ್ಲಿ ಬರೆದರೆ ಸಾಕು. ಬಳ್ಳಾರಿ ರಸ್ತೆಯಲ್ಲಿ ಮುಂದಿನ ಚಕ್ರ ಎತ್ತಿ ಹಾರಿಸುವ ಹುಡುಗರಿಗೆ ಇದೆಲ್ಲ ಅನ್ವಯಿಸುತ್ತದೆ. ವೀಲಿಂಗ್ ಹುಡುಗಾಟವೆಂದು ಬಿಡುವಂಥದ್ದಲ್ಲ, ಜೀವ ತೆಗೆಯುವ ಚಟ. ಅದಕ್ಕೆ ಕಾನೂನು ಕಟ್ಟುನಿಟ್ಟಾಗಿಯೇ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಷ್ಟೆಲ್ಲ ಇದ್ದ ಮೇಲೂ ರಸ್ತೆಯಲ್ಲೇ ನಾಲ್ಕು ಬಾರಿಸಿ ಬುದ್ಧಿ ಕಲಿಸುವ ಅಭ್ಯಾಸಕ್ಕೆ ಯಾವ ಸೆಕ್ಷನ್ನಿನ ಬೆಂಬಲವೂ ಇಲ್ಲ. ದುರಂತವೆಂದರೆ ಅಂಥ ವಿಡಿಯೊಗಳಿಗೆ ಜನರಿಂದಲೇ ಚಪ್ಪಾಳೆ ಬೀಳುತ್ತದೆ.

ವಾಹನ ತಡೆಯುವ ವಿಷಯದಲ್ಲಿ ಮಾತ್ರ ಮೇಲಿನಿಂದ ಸ್ಪಷ್ಟ ಸೂಚನೆಗಳು ಬಂದಿವೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ಗಾಡಿ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಇದಕ್ಕೆ ಹೊರತು ಎಂದು 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಬಹಿರಂಗವಾಗಿಯೇ ಹೇಳಿದ್ದರು. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಮಾತು ಮರೆತುಹೋಗಿತ್ತು. 2025ರ ಮೇ 26ರಂದು ಮಂಡ್ಯದಲ್ಲಿ ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆ ತಾಯಿಯ ಬೈಕನ್ನು ಹೆಲ್ಮೆಟ್ ತಪಾಸಣೆಗೆಂದು ಸಂಚಾರ ಪೊಲೀಸರು ತಡೆದರು. ಬೈಕ್ ಉರುಳಿ ಮೂರು ವರ್ಷದ ಆ ಮಗು ಸತ್ತಿತು. ಮೂವರು ಎಎಸ್‌ಐಗಳು ಅಮಾನತಾದರು. ಡಿಜಿಪಿ ಎಂ.ಎ. ಸಲೀಂ ಹೊಸದಾಗಿ ಸೂಚನೆ ಹೊರಡಿಸಿದರು: ಓಡುವ ಗಾಡಿಗೆ ಏಕಾಏಕಿ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ. ಸಮವಸ್ತ್ರದಲ್ಲಿರುವ ಪೊಲೀಸ್ ಕೇಳಿದರೆ ಲೈಸೆನ್ಸ್ ತೋರಿಸುವುದು ಚಾಲಕನ ಕರ್ತವ್ಯ, ಡಿಜಿಲಾಕರ್‌ನಲ್ಲಿದ್ದರೂ ಅದು ಮಾನ್ಯ. ಕೀ ಕಸಿಯುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ.

ಹೊರದೇಶಗಳ ಪೊಲೀಸರು ನಮ್ಮವರಿಗಿಂತ ಸಾಧುಗಳೇನಲ್ಲ. ಲಂಡನ್ನಿನ ಹ್ಯಾಕ್ನಿಯ ಶಾಲೆಯೊಂದರಲ್ಲಿ 2020ರ ಡಿಸೆಂಬರ್‌ನಲ್ಲಿ 15 ವರ್ಷದ ಕಪ್ಪು ಹುಡುಗಿಯನ್ನು ಗಾಂಜಾ ವಾಸನೆಯ ನೆಪದಲ್ಲಿ ಬಟ್ಟೆ ಬಿಚ್ಚಿಸಿ ತಪಾಸಿಸಿದ ಪ್ರಕರಣ ಆ ದೇಶವನ್ನು ತಲೆತಗ್ಗಿಸುವಂತೆ ಮಾಡಿತು. ಏನೂ ಸಿಗಲಿಲ್ಲ. ವ್ಯತ್ಯಾಸ ಇರುವುದು ದಾಖಲೆಯಲ್ಲಿ. ಇಂಗ್ಲೆಂಡಿನಲ್ಲಿ ತಡೆದು ಶೋಧಿಸುವ ಅಧಿಕಾರಿ ತನ್ನ ಗುರುತು, ಠಾಣೆ, ಯಾವ ಕಾನೂನು, ಏನು ಕಾರಣ ಎಂದು ತಿಳಿಸಬೇಕು. ಆ ದಾಖಲೆಯ ಪ್ರತಿಯನ್ನು ಮೂರು ತಿಂಗಳೊಳಗೆ ಕೇಳಿ ಪಡೆಯಬಹುದು. ನ್ಯೂಯಾರ್ಕಿನಲ್ಲಿ ಪ್ರತಿ ತಡೆಗೂ ಒಂದು ಫಾರಂ ತುಂಬಬೇಕಿತ್ತು. 2011ರಲ್ಲಿ ಸುಮಾರು 6.85 ಲಕ್ಷ ಬಾರಿ ಜನರನ್ನು ತಡೆಯಲಾಯಿತು, ಹತ್ತರಲ್ಲಿ ಒಂಬತ್ತರಷ್ಟು ಮಂದಿ ಏನೂ ತಪ್ಪು ಮಾಡಿರಲಿಲ್ಲ, ತಡೆಯಲ್ಪಟ್ಟವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಯುವಕರು ಎಂಬುದೆಲ್ಲ ಹೊರಬಂದದ್ದು ಪೊಲೀಸರೇ ತುಂಬಿದ ಆ ಫಾರಂಗಳಿಂದ. 2013ರಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಆ ಪದ್ಧತಿ ನಡೆಯುತ್ತಿದ್ದ ರೀತಿ ಸಂವಿಧಾನಬಾಹಿರ ಎಂದರು.

ಬೆಂಗಳೂರಿನಲ್ಲಿ ಯಾರನ್ನು ಹೆಚ್ಚು ತಡೆಯುತ್ತಾರೆ ಎಂದು ಕೇಳಿದರೆ ತೋರಿಸಲು ಅಂಥ ಫಾರಂ ಇಲ್ಲ. ಸುಳಿವುಗಳು ಇವೆ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೇಶದ ಪೊಲೀಸ್ ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಮಂದಿ, ಮುಸ್ಲಿಮರು ಸ್ವಭಾವತಃ ಅಪರಾಧದತ್ತ ವಾಲುವ ಸಾಧ್ಯತೆ ಇದೆ ಎಂದಿದ್ದರು. ಇಂಥ ನಂಬಿಕೆ ತಲೆಯಲ್ಲಿಟ್ಟುಕೊಂಡು ನಾಕಾಬಂದಿಗೆ ನಿಂತವರ ಕೈ ಯಾವ ಬೈಕಿನ ಮುಂದೆ ಮೇಲೇಳುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮಾನ್ಯತಾ ಬಳಿಯ ದಂಪತಿಗೆ ಇಂಗ್ಲಿಷ್ ಇತ್ತು, ಟ್ವಿಟರ್ ಇತ್ತು, ಮರುದಿನವೇ ಸುದ್ದಿಯಾಯಿತು. 2023ರ ಜನವರಿಯಲ್ಲಿ ಕುಂದಲಹಳ್ಳಿ ಕೆರೆ ಬಳಿ ಗೆಳೆಯನ ಜೊತೆ ಕುಳಿತಿದ್ದಕ್ಕೆ 1,000 ರೂಪಾಯಿ ತೆತ್ತ ಯುವತಿಯೂ ಟ್ವಿಟರಿಗೇ ಹೋದರು, ಹಣ ಪಡೆದ ಗೃಹರಕ್ಷಕನ ಮೇಲೆ ಕ್ರಮವಾಯಿತು. ಯಶವಂತಪುರ ಯಾರ್ಡಿನಲ್ಲಿ ಮೂಟೆ ಹೊರುವ ರಾಯಚೂರಿನ ಹುಡುಗ ಇದೇ ಸ್ಥಿತಿಯಲ್ಲಿ ಸಿಕ್ಕಿದ್ದರೆ ಡಿಸಿಪಿಯನ್ನು ಟ್ಯಾಗ್ ಮಾಡುತ್ತಿದ್ದನೇ?

ಅಂಥವನಿಗೂ ದಾರಿಗಳಿವೆ, ನಿಧಾನದವು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ 15100, ಮಕ್ಕಳಾದರೆ 1098. ಪೊಲೀಸರ ವಿರುದ್ಧದ ದೂರಿಗೆಂದೇ ಕರ್ನಾಟಕ ಪೊಲೀಸ್ ಕಾಯ್ದೆಯ 2012ರ ತಿದ್ದುಪಡಿಯಿಂದ ಬಂದ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ. ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಅದರ ಮುಖ್ಯಸ್ಥರು. ಹೆಸರು ಕೇಳಿದವರು ಮಾತ್ರ ಕಡಿಮೆ. ರಸ್ತೆಯಲ್ಲೇ ವಾದಕ್ಕಿಳಿಯುವುದಕ್ಕಿಂತ ಎದೆಯ ಮೇಲಿನ ಹೆಸರು ಓದಿಕೊಂಡು, ಹೊಯ್ಸಳದ ನಂಬರ್, ಜಾಗ, ಹೊತ್ತು ಇಷ್ಟನ್ನು ಆ ರಾತ್ರಿಯೇ ಗೆಳೆಯನಿಗೊಂದು ಸಂದೇಶವಾಗಿ ಕಳಿಸುವುದು ಉಪಯೋಗಕ್ಕೆ ಬರುತ್ತದೆ, ಸಂದೇಶದಲ್ಲಿ ಸಮಯ ತಾನಾಗಿಯೇ ನಮೂದಾಗುತ್ತದೆ. ಠಾಣೆಗೆ ಕರೆದೊಯ್ದಿದ್ದರೆ ಇನ್ನೊಂದು ಸಾಕ್ಷಿಯೂ ಉಂಟು. 2020ರ ಡಿಸೆಂಬರ್‌ನ ಪರಮವೀರ್ ಸಿಂಗ್ ಸೈನಿ ತೀರ್ಪಿನಂತೆ ಠಾಣೆಯ ಬಾಗಿಲು, ಮೊಗಸಾಲೆ, ಲಾಕಪ್ ಎಲ್ಲೆಡೆ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಿಡಬೇಕು. ದೂರು ಕೊಡುವಾಗಲೇ ಇಂಥ ದಿನದ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಅಳಿಸದಂತೆ ಕಾಯ್ದಿಡಿ ಎಂದು ಒಂದು ಸಾಲು ಸೇರಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು.